ಹೊಸತೊಡಕಿಗೆ ಮರಿ ಕೊಯ್ಯಬಹುದೇ, ಇನ್ನೂ ಬಿಡಬೇಕೇ? ನೋಡಿ ಹೇಳುವುದು ಹೇಗೆ?

ಮಳವಳ್ಳಿ ಹೊಲಮನೆ
ಎಲ್ಲರಿಗೂ ನಮಸ್ಕಾರ. ಊರಿನಲ್ಲಿ ಅಪ್ಪ ಬನ್ನೂರು ತಳಿಯ ನಾಲ್ಕು ಕುರಿಮರಿ ಸಾಕಿದ್ದಾರೆ. ಮೂರು ಗಂಡು, ಒಂದು ಹೆಣ್ಣು. ಕಳೆದ ಆಷಾಢದಲ್ಲಿ ಹುಟ್ಟಿದವು, ಎಂಟು ತಿಂಗಳು ತುಂಬಿದೆ. ಯುಗಾದಿಗೆ ಇನ್ನು ಮೂರು ವಾರ ಇದೆ. ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ ಎರಡನ್ನು ಕೊಯ್ದು ಮನೆಗೂ ನೆಂಟರಿಗೂ ಮಾಂಸದ ಗುಡ್ಡೆ (ಪಾಲು) ಹಾಕುವುದು, ಉಳಿದವನ್ನು ಮಾರುವುದು ಎಂಬುದು ಲೆಕ್ಕ.

ಈಗ ಮನೆಯಲ್ಲಿ ಮೂರು ಬಣಗಳಾಗಿವೆ. ಅಪ್ಪನ ಪ್ರಕಾರ ಎರಡು ಹಲ್ಲು ಹಾಕುವ ತನಕ ಕತ್ತಿ ಮುಟ್ಟಿಸಬಾರದು, ಎಳೆಯದನ್ನು ಕೊಯ್ದರೆ ಸಾರಿಗೆ ರುಚಿಯೇ ಇಳಿಯುವುದಿಲ್ಲ. ಮಟನ್ ಅಂಗಡಿಯವರು ಬಂದು ಮೂರು ಗಂಡು ಮರಿಗಳ ಬೆನ್ನು ಒತ್ತಿ ನೋಡಿ, "ಎರಡು ಸಿದ್ಧವಾಗಿವೆ, ಒಂದು ಇನ್ನೂ ಇಲ್ಲ" ಎಂದು ಹೇಳಿ ಹೋದರು. ಯಾವ ಎರಡು, ಏಕೆ ಎಂದು ಕೇಳಿದರೆ ನಕ್ಕರು. ನನ್ನ ಭಾವ ಯಾವುದೋ ವಿಡಿಯೊ ನೋಡಿಕೊಂಡು ಬಂದು ಇಪ್ಪತ್ತೈದು ಕಿಲೋ ದಾಟದಿದ್ದರೆ ನಷ್ಟ ಎನ್ನುತ್ತಿದ್ದಾರೆ. ನಮ್ಮಲ್ಲಿ ತಕ್ಕಡಿ ಇಲ್ಲ. ಕಣ್ಣಿಗೆ ನಾಲ್ಕೂ ಒಂದೇ ಥರ ದುಂಡಗೆ ಕಾಣುತ್ತವೆ. ತಿಳಿದವರು ಹೇಳಿ: ಹಲ್ಲು ನೋಡಬೇಕೇ, ತೂಕ ನೋಡಬೇಕೇ, ಬೆನ್ನು ನೋಡಬೇಕೇ?

ಸಂತೆ ಸುತ್ತುವವ
ಅಂಗಡಿಯವರು ಏಕೆ ನಕ್ಕರು ಎಂದರೆ, ಹೇಳಿಕೊಟ್ಟರೆ ಮುಂದಿನ ಸಲ ನೀವು ಬೆಲೆ ಹೆಚ್ಚು ಕೇಳುತ್ತೀರಿ. ಅಷ್ಟೇ ಗುಟ್ಟು.

ನಾಗಮಂಗಲದ ಗೌಡ
ನಿಮ್ಮ ಅಪ್ಪ ಹೇಳುವುದೇ ಸರಿ. ಎಂಟು ತಿಂಗಳ ಮರಿಯಲ್ಲಿ ಏನಿರುತ್ತದೆ? ಮೂಳೆ ಮೆತ್ತಗೆ, ಮಾಂಸ ನೀರು. ಎರಡು ಹಲ್ಲಿನ ಟಗರು ಎಂದರೆ ಟಗರು. ಸಾರು ಕುದಿಯುವಾಗ ಬೀದಿಗೆಲ್ಲ ಗೊತ್ತಾಗಬೇಕು.

ಕುಕ್ಕರ್ ಅಕ್ಕ
ಗೌಡರೇ, ಬೀದಿಗೆ ಗೊತ್ತಾಗುವ ಸಾರು ಅಗಿಯುವುದಕ್ಕೆ ನಮ್ಮ ಅತ್ತೆಯವರಿಗೆ ಹಲ್ಲಿಲ್ಲ. ಹಬ್ಬದ ದಿನ ಏಳು ಸೀಟಿ ಕೂಗಿಸಿ ಕೂತವರಿಗೇ ಗೊತ್ತು ಅದರ ಕಷ್ಟ. ಹಾಲು ಹಲ್ಲಿನ ಮರಿಯೇ ಚೆಂದ.

ನಿವೃತ್ತ ಪಶುವೈದ್ಯ
ಮೂವರೂ ಹೇಳಿದ್ದರಲ್ಲಿ ಒಂದೊಂದು ತುಂಡು ನಿಜ ಇದೆ. ಬಿಡಿಸಿ ಹೇಳುತ್ತೇನೆ.

ಹಲ್ಲು ಹೇಳುವುದು ವಯಸ್ಸನ್ನು. ಕುರಿಗೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ ಇರುತ್ತವೆ, ಒಟ್ಟು ಎಂಟು. ಮೇಲೆ ಬರೀ ಗಟ್ಟಿ ವಸಡು. ಹುಟ್ಟಿದ ಕೆಲವು ವಾರಗಳಲ್ಲಿ ಎಂಟೂ ಹಾಲು ಹಲ್ಲು ಬರುತ್ತವೆ. ಸುಮಾರು ಒಂದೂಕಾಲರಿಂದ ಒಂದೂವರೆ ವರ್ಷದ ಹೊತ್ತಿಗೆ ನಡುವಿನ ಎರಡು ಬಿದ್ದು ಅಗಲವಾದ ಎರಡು ಶಾಶ್ವತ ಹಲ್ಲು ಬರುತ್ತವೆ. ಎರಡು ವರ್ಷದ ಆಸುಪಾಸಿನಲ್ಲಿ ನಾಲ್ಕು, ಆಮೇಲೆ ಆರು, ಮೂರು ವರ್ಷ ದಾಟಿದ ಮೇಲೆ ಎಂಟೂ ಬಂದು ಬಾಯಿಗೂಡುತ್ತದೆ. ತಳಿ, ಮೇವು ನೋಡಿಕೊಂಡು ತಿಂಗಳು ಎರಡು ತಿಂಗಳು ಆಚೀಚೆ ಆಗುತ್ತದೆ. ಎಂದರೆ ಎರಡು ಹಲ್ಲಿಗೆ ಕಾಯುವುದು ಎಂದರೆ ಇನ್ನೂ ಅರ್ಧ ವರ್ಷಕ್ಕಿಂತ ಹೆಚ್ಚು ಮೇವು ಹಾಕುವುದು. ಎರಡು ಹಲ್ಲು ಹಾಕಿದ ಬಡಕಲು ಟಗರೂ ಇರುತ್ತದೆ, ಹಾಲು ಹಲ್ಲಿನ ಮೈತುಂಬಿದ ಮರಿಯೂ ಇರುತ್ತದೆ.

ತೂಕ ಹೇಳುವುದು ಗಾತ್ರವನ್ನು. ಇಪ್ಪತ್ತೈದು ಕಿಲೋ ಎಂಬ ಗೆರೆ ಎಲ್ಲ ತಳಿಗೂ ಹೊಂದುವುದಿಲ್ಲ. ಬನ್ನೂರು ಗಿಡ್ಡ ಕಾಲಿನ, ಪೀಪಾಯಿ ಮೈಯ ತಳಿ, ಚೆನ್ನಾಗಿ ಬೆಳೆದ ಟಗರೇ ಮೂವತ್ತೈದು ಕಿಲೋ ಸುಮಾರು ತೂಗುತ್ತದೆ. ಅದರ ಎಂಟು ತಿಂಗಳ ಮರಿ ಇಪ್ಪತ್ತೆರಡು ಇಪ್ಪತ್ಮೂರು ಕಿಲೋಗೇ ಮೈ ತುಂಬಿಕೊಂಡಿರಬಹುದು. ಅದೇ ತೂಕದ ಕೆಂಗುರಿ ತಳಿಯ ಮರಿ ಉದ್ದಕ್ಕೆ ಬೆಳೆದು ಮೂಳೆ ಚಕ್ಕಳವಾಗಿರಬಹುದು.

ಮೈಯಲ್ಲಿ ಮಾಂಸ, ನೆಣ ಎಷ್ಟು ಕೂತಿದೆ ಎಂದು ಹೇಳುವುದು ಕೈ ಮಾತ್ರ. ಅಂಗಡಿಯವರು ಬೆನ್ನು ಒತ್ತಿದ್ದು ಅದಕ್ಕೇ.

ಮಳವಳ್ಳಿ ಹೊಲಮನೆ
ಡಾಕ್ಟರೇ, ಬೆನ್ನಿನಲ್ಲಿ ಎಲ್ಲಿ ಒತ್ತಬೇಕು? ನಾನು ಒತ್ತಿದರೆ ಮರಿ ಕೂತುಬಿಡುತ್ತದೆ.

ನಿವೃತ್ತ ಪಶುವೈದ್ಯ
ಒತ್ತುವುದಲ್ಲ, ತಡವುವುದು. ಮರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಯಾರಾದರೂ ಗದ್ದದ ಕೆಳಗೆ ಕೈ ಕೊಟ್ಟು ಹಿಡಿದುಕೊಳ್ಳಲಿ. ಹೆದರಿ ಮೈ ಬಿಗಿದುಕೊಂಡರೆ ಏನೂ ತಿಳಿಯುವುದಿಲ್ಲ, ಸುಮ್ಮನಾಗುವ ತನಕ ಕಾಯಿರಿ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಗಿಂತ ಮುಂದೆ ಒಂದು ಅಂಗೈ ಅಗಲದ ಜಾಗ ಇದೆ. ಅಲ್ಲಿ ಅಂಗೈಯನ್ನು ಬೆನ್ನಿನ ಮೇಲೆ ಇಟ್ಟು, ಹೆಬ್ಬೆರಳನ್ನು ನಡುಗೆರೆಯ ಮೇಲೂ ಉಳಿದ ಬೆರಳುಗಳನ್ನು ಪಕ್ಕದ ಅಡ್ಡ ಮೂಳೆಗಳ ತುದಿಗೂ ತನ್ನಿ.

ಈಗ ನಿಮ್ಮ ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ. ಮರಿಯ ಬೆನ್ನು ಹಾಗೆ ಸಿಕ್ಕಿದರೆ ಅದು ಬಡಕಲು, ಕೊಯ್ಯಬೇಡಿ. ಮುಷ್ಟಿ ಬಿಚ್ಚಿ ಕೈಯನ್ನು ಚಪ್ಪಟೆಯಾಗಿ ಚಾಚಿ, ಅಂಗೈಯ ಹಿಂಬದಿ ತಡವಿ. ಮೂಳೆ ಇದೆ ಎಂದು ತಿಳಿಯುತ್ತದೆ, ಆದರೆ ಚುಚ್ಚುವುದಿಲ್ಲ. ಬೆನ್ನು ಹಾಗಿದ್ದರೆ ಅದು ಸಿದ್ಧ. ಎಷ್ಟು ಹುಡುಕಿದರೂ ಮೂಳೆ ಸಿಗದೆ ಹೆಬ್ಬೆರಳ ಬುಡದ ಹಾಗೆ ಮೆತ್ತಗಿದ್ದರೆ ನೆಣ ಜಾಸ್ತಿಯಾಗಿದೆ, ಕಾಯ್ದು ಹಣ ಕಳೆದುಕೊಂಡಿದ್ದೀರಿ. ಒಂದರಿಂದ ಐದರ ಅಂಕ ಕೊಡುವ ಪದ್ಧತಿ ಇದೆ. ಮೂರರ ಸುತ್ತಮುತ್ತ ನಮಗೆ ಬೇಕಾದದ್ದು.

ಅಡ್ಡ ಮೂಳೆಗಳ ಕೆಳಗೆ ಬೆರಳು ತೂರಿಸಿ ನೋಡುವುದನ್ನು ಮರೆಯಬೇಡಿ. ಬೆರಳು ಸಲೀಸಾಗಿ ಒಳಗೆ ಹೋದರೆ ಸೊಂಟದಲ್ಲಿ ಮಾಂಸ ತುಂಬಿಲ್ಲ.

ಅಮೀನಗಡದ ಕಡೆಯವ
ನಮ್ಮ ಅಮೀನಗಡ ಸಂತೆಯಲ್ಲಿ ಇದನ್ನು ಯಾರೂ ಪಾಠ ಹೇಳುವುದಿಲ್ಲ, ಆದರೆ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಮೊದಲು ಸೊಂಟ, ಆಮೇಲೆ ಬಾಲದ ಬುಡ, ಆಮೇಲೆ ಎದೆಯ ಮುಂಭಾಗ, ಕೊನೆಗೆ ಹಿಂದೊಡೆಯ ನಡುವೆ ಕೈ ಹಾಕಿ ಹಿಡಿದು ನೋಡುತ್ತಾರೆ. ಬಾಯಿ ಬಿಚ್ಚಿ ಹಲ್ಲು ನೋಡುವುದು ಸಾಕುವವರು, ಕಾಳಗದವರು. ಕಡಿಯಲು ಕೊಳ್ಳುವವನು ಹಲ್ಲಿಗಿಂತ ಮೊದಲು ಸೊಂಟಕ್ಕೆ ಕೈ ಹಾಕುತ್ತಾನೆ. ಕೈ ಹಾಕಿದ ಕೂಡಲೇ ಮುಖ ಸಪ್ಪೆ ಮಾಡುತ್ತಾನೆ. ಮರಿ ಎಷ್ಟು ಚೆನ್ನಾಗಿದ್ದರೆ ಮುಖ ಅಷ್ಟು ಸಪ್ಪೆ.

ಸಂತೆ ಸುತ್ತುವವ
ನಿಜವಾದ ಮಾತು! ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದು, ನಿಮಗೆ ಎಷ್ಟು ಮೋಸವಾಯಿತು ಎಂಬುದೂ ಗೊತ್ತಾಗಬಾರದು.

ಟಗರು ಪ್ರಿಯ
ಕಾಳಗದ ಮಾತು ಬಂದಿತಲ್ಲ, ನಮ್ಮ ಕಡೆ ಪಂದ್ಯವನ್ನು ಕಟ್ಟುವುದೇ ಹಲ್ಲಿನ ಮೇಲೆ. ಹಾಲು ಹಲ್ಲಿನ ಟಗರು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಬೇರೆ ಬೇರೆ. ಗೆದ್ದ ಟಗರಿಗೆ ಬರುವ ಬೆಲೆ ಕೇಳಿದರೆ ನೀವು ಕೊಯ್ಯುವ ಯೋಚನೆಯನ್ನೇ ಬಿಡುತ್ತೀರಿ.

ನಾಗಮಂಗಲದ ಗೌಡ
ಬನ್ನೂರು ಮರಿಯನ್ನು ಕಾಳಗಕ್ಕೆ ಬಿಟ್ಟರೆ ಅದು ಎದುರಾಳಿಯ ಹೊಟ್ಟೆ ಕೆಳಗೆ ನುಸುಳಿ ಹೋಗುತ್ತದೆ. ವಿಷಯಕ್ಕೆ ಬನ್ನಿ.

ಸಸ್ಯಾಹಾರಿ ಸಂಜೆ
ಮುದ್ದಾಗಿ ಸಾಕಿ ಬೆನ್ನು ಸವರಿ ಕೊಯ್ಯುವುದಕ್ಕೆ ಇಷ್ಟು ಶಾಸ್ತ್ರವೇ? ಪಾಪ ಅನ್ನಿಸುವುದಿಲ್ಲವೇ?

ರೊಪ್ಪದ ಹುಡುಗ
ಅನ್ನಿಸುತ್ತದೆ. ಅದಕ್ಕೇ ಶಾಸ್ತ್ರ. ಬಡಕಲು ಮರಿಯನ್ನು ಅವಸರಕ್ಕೆ ಕಡಿದು ಅರ್ಧ ಬಿಸಾಡುವುದು ಅದಕ್ಕಿಂತ ಪಾಪ. ನಮ್ಮ ಮನೆಯವರು ತಲೆಮಾರುಗಳಿಂದ ಕುರಿ ಹಿಂದೆ ನಡೆದವರು. ಮರಿಗೆ ಹೆಸರಿಟ್ಟು ಕರೆಯುತ್ತೇವೆ, ಮಾರುವ ದಿನ ಅಜ್ಜಿ ಊಟ ಮಾಡುವುದಿಲ್ಲ. ಆದರೂ ಮಾರುತ್ತೇವೆ. ಅದು ಜೀವನ.

ಮಳವಳ್ಳಿಯವರೇ, ಒಂದು ಮಾತು ಯಾರೂ ಹೇಳಲಿಲ್ಲ. ಬೆಳಿಗ್ಗೆ ಮೇವು ಹಾಕುವುದಕ್ಕೆ ಮೊದಲು ತಡವಿ ನೋಡಿ. ಸಂಜೆ ಮೇಯ್ದು ಬಂದ ಮರಿ ಎಲ್ಲವೂ ದುಂಡಗೇ ಕಾಣುತ್ತದೆ. ಹೊಟ್ಟೆ ತುಂಬಿದ್ದಕ್ಕೂ ಮೈ ತುಂಬಿದ್ದಕ್ಕೂ ಸಂಬಂಧವಿಲ್ಲ. ಸಂತೆಗೆ ಒಯ್ಯುವ ದಿನ ಉಪ್ಪು ನೆಕ್ಕಿಸಿ ಬಿಂದಿಗೆಗಟ್ಟಲೆ ನೀರು ಕುಡಿಸುವವರು ಇದ್ದಾರೆ. ತೂಕದ ಮೇಲೆ ಕೊಂಡವನು ನೀರಿಗೆ ದುಡ್ಡು ಕೊಟ್ಟು ಹೋಗುತ್ತಾನೆ. ಮೇಲಿಂದ ನೋಡಿದಾಗ ಭುಜದಿಂದ ಸೊಂಟದ ತನಕ ಬೆನ್ನು ಒಂದೇ ಅಗಲ ಇರಬೇಕು. ಹೊಟ್ಟೆ ಮಾತ್ರ ಎರಡೂ ಪಕ್ಕಕ್ಕೆ ಉಬ್ಬಿ ಬೆನ್ನು ಕಿರಿದಾಗಿದ್ದರೆ ಅದು ಹುಳುವಿನ ಹೊಟ್ಟೆ.

ನಿವೃತ್ತ ಪಶುವೈದ್ಯ
ರೊಪ್ಪದ ಹುಡುಗ ಹೇಳಿದ್ದು ಬಹಳ ಮುಖ್ಯ. ಜೊತೆಗೆ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗಿನ ಬಣ್ಣ ನೋಡಿ. ಕೆಂಪಾಗಿದ್ದರೆ ಒಳ್ಳೆಯದು. ಬೆಳ್ಳಗೆ ಬಿಳಿಚಿಕೊಂಡಿದ್ದರೆ ನಾಲ್ಕನೆಯ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ಇರುವ ಸಾಧ್ಯತೆ ಹೆಚ್ಚು. ಗದ್ದದ ಕೆಳಗೆ ನೀರು ತುಂಬಿ ಜೋಲುತ್ತಿದ್ದರೆ ಇನ್ನೂ ಮುಂದುವರಿದಿದೆ. ಅಂಥ ಮರಿಗೆ ಎಷ್ಟು ಹಿಂಡಿ ಹಾಕಿದರೂ ಮೈ ಹತ್ತುವುದಿಲ್ಲ.

ಆದರೆ ಈಗ ಹುಳುವಿನ ಔಷಧಿ ಕುಡಿಸಿ ಯುಗಾದಿಗೆ ಕೊಯ್ಯುತ್ತೇನೆ ಎಂದರೆ ಎಚ್ಚರ. ಔಷಧಿ ಮೈಯಿಂದ ಇಳಿಯುವ ತನಕ ಮಾಂಸ ತಿನ್ನಬಾರದು. ಎಷ್ಟು ದಿನ ಎಂದು ಬಾಟಲಿಯ ಮೇಲೆ ಬರೆದಿರುತ್ತದೆ. ಔಷಧಿಯಿಂದ ಔಷಧಿಗೆ ಇದು ಬಹಳ ಬದಲಾಗುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದು ಹಾಕಿಸಿದ್ದರೆ ಹಲವು ವಾರ ಕಾಯಬೇಕು. ಜ್ವರಕ್ಕೆ, ಕೆಮ್ಮಿಗೆ ಆಂಟಿಬಯಾಟಿಕ್ ಕೊಟ್ಟಿದ್ದರೂ ಇದೇ ನಿಯಮ.

ನೀವು ಬರೆದದ್ದರಲ್ಲಿ ಇನ್ನೊಂದು ಗಮನಿಸಿದೆ. ಮೂರು ಗಂಡು, ಒಂದು ಹೆಣ್ಣು, ಎಲ್ಲವನ್ನೂ ಒಟ್ಟಿಗೇ ಕಟ್ಟುತ್ತೀರಾ?

ಮಳವಳ್ಳಿ ಹೊಲಮನೆ
ಒಟ್ಟಿಗೇ ಇವೆ, ಒಂದೇ ಕೊಟ್ಟಿಗೆ. ಏಕೆ?

ನಿವೃತ್ತ ಪಶುವೈದ್ಯ
ಹಾಗಾದರೆ ಹೆಣ್ಣು ಮರಿ ಗಬ್ಬ ಕಟ್ಟಿರುವ ಸಾಧ್ಯತೆ ಇದೆ. ಗಂಡು ಮರಿಗಳಿಗೆ ಆರು ತಿಂಗಳಿಗೇ ಶಕ್ತಿ ಬಂದಿರುತ್ತದೆ. ನಾಲ್ಕು ತಿಂಗಳು ತುಂಬುತ್ತಿದ್ದ ಹಾಗೆ ಬೇರೆ ಮಾಡಬೇಕಿತ್ತು. ಹೆಣ್ಣು ಮರಿಯನ್ನು ಕೊಯ್ಯುವ ಪಟ್ಟಿಯಿಂದ ತೆಗೆಯಿರಿ. ಕಸಾಯಿಖಾನೆಗಳಿಗೆ ಕೇಂದ್ರ ಸರ್ಕಾರದ 2001ರ ನಿಯಮವೇ ಇದೆ: ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ ಇರುವ ತಾಯಿ, ಮೂರು ತಿಂಗಳು ತುಂಬದ ಮರಿ, ಇವನ್ನು ಕಡಿಯುವಂತಿಲ್ಲ.

ಬನ್ನೂರು ತಳಿ ಉಳಿಸಿ
ಕಾನೂನು ಇರಲಿ, ಶುದ್ಧ ಬನ್ನೂರು ಹೆಣ್ಣು ಮರಿಯನ್ನು ಮಾಂಸದ ಬೆಲೆಗೆ ಮಾರುವುದು ಎಂದರೆ ಬಿತ್ತನೆ ರಾಗಿಯನ್ನು ಬೀಸಿದ ಹಾಗೆ. ಮೂಗು ಬಾಗಿದೆಯೇ, ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ ಕುದುರೆ ಲಾಳದ ಆಕಾರ ಇದೆಯೇ ನೋಡಿ. ಈಗ ಸಂತೆಯಲ್ಲಿ ಬನ್ನೂರು ಎಂದು ಮಾರುವುದರಲ್ಲಿ ಅರ್ಧಕ್ಕರ್ಧ ಬೆರಕೆ. ಕತ್ತಿನ ಕೆಳಗೆ ಎರಡು ಮಾಂಸದ ಲೋಲಕ ಜೋತು ಬಿದ್ದರೆ ಬನ್ನೂರು ಎಂದು ನಂಬಿಸುತ್ತಾರೆ.

ಡಾರ್ಪರ್ ದಾಸ
ತಳಿ ಉಳಿಸುವುದು ಚೆನ್ನಾಗಿದೆ, ಹೊಟ್ಟೆ ತುಂಬಿಸುವುದು ಯಾರು? ಡಾರ್ಪರ್ ಎಂಬ ವಿದೇಶಿ ತಳಿಯ ಟಗರು ಬಿಟ್ಟು ಹುಟ್ಟಿದ ಮರಿ ಆರು ತಿಂಗಳಿಗೆ ಆಗುವ ತೂಕ ಬನ್ನೂರಿಗೆ ಒಂದು ವರ್ಷಕ್ಕೂ ಆಗುವುದಿಲ್ಲ.

ಬನ್ನೂರು ತಳಿ ಉಳಿಸಿ
ಆ ಟಗರಿನ ಬೆಲೆಯನ್ನೂ ಅದು ತಿನ್ನುವ ಮೇವನ್ನೂ ಬರೆಯಿರಿ. ಬೇಸಿಗೆಯಲ್ಲಿ ಒಣ ಹುಲ್ಲು, ಹುರುಳಿ ಹೊಟ್ಟಿನ ಮೇಲೆ ಬದುಕಿ ತೋರಿಸಲಿ, ಆಮೇಲೆ ಮಾತು.

ಕುಕ್ಕರ್ ಅಕ್ಕ
ತಳಿ ಜಗಳಕ್ಕೆ ಬೇರೆ ಚಾವಡಿ ತೆರೆಯಿರಿ. ಈ ಹುಡುಗನಿಗೆ ಹಬ್ಬ ಬಂದಿದೆ.

ಚನ್ನಪಟ್ಟಣದ ಅಂಗಡಿ
ನಾನು ಮಟನ್ ಅಂಗಡಿಯವನೇ. ನಗದೆ ಹೇಳುತ್ತೇನೆ.

ನಮಗೆ ಬೇಕಾದದ್ದು ಜೀವಂತ ತೂಕವಲ್ಲ, ಕೊಕ್ಕೆಗೆ ತೂಗು ಹಾಕಿದ ಮೇಲೆ ಉಳಿಯುವ ತೂಕ. ತಲೆ, ಕಾಲು, ಚರ್ಮ, ರಕ್ತ, ಬೋಟಿ ಎಲ್ಲ ತೆಗೆದ ಮೇಲೆ ಒಳ್ಳೆಯ ಮರಿಯಲ್ಲಿ ನೂರಕ್ಕೆ ನಲವತ್ತೈದರಿಂದ ಐವತ್ತು ಭಾಗ ಉಳಿಯುತ್ತದೆ. ಇಪ್ಪತ್ನಾಲ್ಕು ಕಿಲೋ ಮರಿಗೆ ಹನ್ನೊಂದೂವರೆ ಕಿಲೋ ಮೂಳೆಸಹಿತ ಮಾಂಸ ಬಂದರೆ ಸಂತೋಷ. ಬಡಕಲು ಮರಿಯಲ್ಲಿ ನಲವತ್ತಕ್ಕಿಂತ ಕೆಳಗೆ ಹೋಗುತ್ತದೆ, ಅದರಲ್ಲೂ ಮೂಳೆಯೇ ಜಾಸ್ತಿ. ಅತಿಯಾಗಿ ಕೊಬ್ಬಿಸಿದ್ದರಲ್ಲಿ ತೂಕ ಬರುತ್ತದೆ, ಆದರೆ ಮೂತ್ರಪಿಂಡದ ಸುತ್ತ ಮುಷ್ಟಿ ಗಾತ್ರದ ನೆಣ ಕೂತಿರುತ್ತದೆ. ಅದನ್ನು ತೂಗಿ ಕೊಟ್ಟರೆ ಗಿರಾಕಿ ತಕ್ಕಡಿಗೇ ವಾಪಸ್ ಎಸೆಯುತ್ತಾರೆ.

ಬನ್ನೂರಿಗೆ ಹೆಸರು ಬಂದಿರುವುದು ಏಕೆ ಎಂದರೆ ಅದರ ನೆಣ ಮಾಂಸದ ಎಳೆಗಳ ನಡುವೆಯೇ ಇರುತ್ತದೆ. ತೊಡೆಯ ತುಂಡನ್ನು ಅಡ್ಡ ಕುಯ್ದು ಬೆಳಕಿಗೆ ಹಿಡಿದರೆ ಕೆಂಪಿನಲ್ಲಿ ಸಣ್ಣ ಬಿಳಿ ಗೆರೆಗಳು ಕಾಣುತ್ತವೆ. ಆ ಗೆರೆ ಕಟ್ಟಲು ಸ್ವಲ್ಪ ಕಾಲ ಬೇಕು. ಆರು ತಿಂಗಳಲ್ಲಿ ಕಾಣುವುದು ಕಡಿಮೆ. ಎಂಟರಿಂದ ಹನ್ನೆರಡರ ಒಳಗೆ ಚೆನ್ನ. ಹಾಗಾಗಿ ನಿಮ್ಮ ತಂದೆಯವರು ಎಳೆಯದಕ್ಕೆ ರುಚಿ ಕಡಿಮೆ ಎಂದದ್ದು ಸುಳ್ಳಲ್ಲ, ಎರಡು ಹಲ್ಲಿನ ತನಕ ಎಂದದ್ದು ಮಾತ್ರ ಹೆಚ್ಚಾಯಿತು.

ನಾಗಮಂಗಲದ ಗೌಡ
ಹೆಚ್ಚಾಗಲಿಲ್ಲ. ನಿಮ್ಮ ಗಿರಾಕಿಗಳ ನಾಲಿಗೆ ಫಾರಂ ಕೋಳಿಗೆ ಒಗ್ಗಿದೆ.

ಚನ್ನಪಟ್ಟಣದ ಅಂಗಡಿ
ಗೌಡರೇ, ಹೊಸತೊಡಕಿನ ದಿನ ನಸುಕಿಗೆ ನನ್ನ ಅಂಗಡಿ ಮುಂದೆ ಸಾಲು ನೋಡಲು ಬನ್ನಿ. ಎರಡು ಹಲ್ಲಿನದು ಬೇಕು ಎನ್ನುವವರು ಇದ್ದಾರೆ, ಎಲ್ಲರೂ ಅರವತ್ತು ದಾಟಿದವರು. ಅವರಿಗೆ ಬೇರೆ ಇಟ್ಟಿರುತ್ತೇನೆ.

ಬೆಂಗಳೂರು ಬಾಡಿಗೆಮನೆ
ಹೊಸತೊಡಕು ಎಂದ ಕೂಡಲೇ ನೆನಪಾಯಿತು, ನಮ್ಮ ಬೀದಿಯಲ್ಲಿ ಯುಗಾದಿ ಮಟನ್ ಚೀಟಿ ನಡೆಯುತ್ತದೆ. ವರ್ಷವಿಡೀ ತಿಂಗಳಿಗೆ ಇಷ್ಟು ಎಂದು ಕಟ್ಟಿ, ಹಬ್ಬಕ್ಕೆ ಮಾಂಸದ ಪಾಲು ತೆಗೆದುಕೊಳ್ಳುವುದು. ಪ್ರತಿವರ್ಷವೂ ಮೂಳೆ ಜಾಸ್ತಿ ಬಂತು ಎಂದು ಜಗಳ ಆಗುತ್ತದೆ. ಈಗ ಗೊತ್ತಾಯಿತು, ಚೀಟಿ ನಡೆಸುವವರು ಬೆನ್ನು ತಡವದೆ ತೂಕಕ್ಕೆ ಕೊಂಡು ತರುತ್ತಾರೆ.

ಕರಾವಳಿ ಕಣ್ಣು
ಯುಗಾದಿಯ ಮಾರನೇ ದಿನ ಇಡೀ ಊರು ಬಾಡೂಟಕ್ಕೆ ಕೂರುತ್ತದೆ ಎಂಬುದು ಮಂಡ್ಯದ ಹೆಣ್ಣನ್ನು ಮದುವೆಯಾದ ಮೇಲೆಯೇ ನನಗೆ ತಿಳಿದದ್ದು. ನಮ್ಮಲ್ಲಿ ಮೀನಿನ ಕಿವಿರು ಕೆಂಪಗಿದೆಯೇ ನೋಡಿದರೆ ಮುಗಿಯಿತು. ನಿಮ್ಮದು ದೊಡ್ಡ ಶಾಸ್ತ್ರ ಮಾರಾಯರೇ.

ಮೆಲ್ಬರ್ನ್ ಕನ್ನಡಿಗ
ನಾನು ಇಲ್ಲಿ ವಿಕ್ಟೋರಿಯಾದ ಒಂದು ಕುರಿ ಫಾರಂನಲ್ಲಿ ಕೆಲಸ ಮಾಡುತ್ತೇನೆ. ಹಲ್ಲಿನ ಜಗಳ ಇಲ್ಲಿಯೂ ಇದೆ. ಮೊದಲು ಒಂದು ಶಾಶ್ವತ ಹಲ್ಲು ಮೊಳೆತರೆ ಸಾಕು, ಅದು ಲ್ಯಾಂಬ್ (ಎಳೆ ಮರಿ) ಅಲ್ಲ, ಬೆಲೆ ಬಿದ್ದುಹೋಗುತ್ತಿತ್ತು. ರೈತರು ಹಲ್ಲು ಮೊಳೆಯುವುದಕ್ಕೆ ಮೊದಲೇ ಮಾರಲು ಧಾವಂತ ಪಡುತ್ತಿದ್ದರು. 2019ರ ಜುಲೈಯಿಂದ ನಿಯಮ ಸಡಿಲಿಸಿದ್ದಾರೆ: ಹನ್ನೆರಡು ತಿಂಗಳೊಳಗಿನದು, ಅಥವಾ ಶಾಶ್ವತ ಹಲ್ಲು ಪೂರ್ತಿ ಮೇಲೆ ಬಂದು ಬಳಕೆಗೆ ತಾಗದಿರುವುದು ಲ್ಯಾಂಬ್. ತಮಾಷೆ ನೋಡಿ, ಇಲ್ಲಿ ಎರಡು ಹಲ್ಲು ಬಂದರೆ ಬೆಲೆ ಇಳಿಯುತ್ತದೆ, ಗೌಡರ ಮನೆಯಲ್ಲಿ ಏರುತ್ತದೆ.

ನೆಣ ನೋಡುವುದು ಇಲ್ಲಿಯೂ ಬೆರಳಿನಲ್ಲೇ. ಹನ್ನೆರಡನೆಯ ಪಕ್ಕೆಲುಬಿನ ಮೇಲೆ, ಬೆನ್ನಿನ ನಡುಗೆರೆಯಿಂದ 110 ಮಿಲಿಮೀಟರ್ ದೂರದಲ್ಲಿ ಒತ್ತಿ, ಅಲ್ಲಿನ ಪದರದ ದಪ್ಪಕ್ಕೆ ಒಂದರಿಂದ ಐದರ ಅಂಕ ಕೊಡುತ್ತಾರೆ. ಐದು ಮಿಲಿಮೀಟರ್‌ಗೆ ಒಂದು ಅಂಕ. ಎರಡು ಮೂರು ಅಂಕದ್ದನ್ನು ಲಾರಿ ಹತ್ತಿಸುತ್ತೇವೆ. ನಿಮ್ಮ ಇಡೀ ಮರಿಯ ಜೀವಂತ ತೂಕ ಇಲ್ಲಿ ಚರ್ಮ ಸುಲಿದು ತೂಗು ಹಾಕಿದ ಮರಿಯ ತೂಕ. ಆದರೆ ಎಷ್ಟು ದಿನ ತಿಂದರೂ ನಮ್ಮೂರ ರುಚಿ ಇದಕ್ಕಿಲ್ಲ. ಬೇಕಾದರೆ ಹೊಟ್ಟೆಕಿಚ್ಚು ಎನ್ನಿ.

ಲೆಕ್ಕದ ಪುಟ್ಟಸ್ವಾಮಿ
ಎಲ್ಲರೂ ರುಚಿ, ಹಲ್ಲು, ಬೆನ್ನು ಎನ್ನುತ್ತಿದ್ದೀರಿ. ಮಾರುವ ಮರಿಗೆ ನನ್ನ ಪ್ರಶ್ನೆ ಒಂದೇ: ಇವತ್ತು ಹಾಕಿದ ಮೇವು ನಾಳೆ ದುಡ್ಡಾಗುತ್ತದೆಯೇ?

ಲೆಕ್ಕ ಹೀಗೆ. ಕಟ್ಟಿ ಮೇಯಿಸುವ ಮರಿಗೆ ದಿನಕ್ಕೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತಿಂಡಿ, ಅಂದರೆ ಮೆಕ್ಕೆಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ. ಜೊತೆಗೆ ಹಸಿ ಮೇವು. ಎಲ್ಲ ಸೇರಿ ಇಪ್ಪತ್ತೈದು ರೂಪಾಯಿ ಎಂದುಕೊಳ್ಳಿ. ಮರಿ ದಿನಕ್ಕೆ ನೂರು ಗ್ರಾಂ ಬೆಳೆಯುತ್ತಿದ್ದು, ಜೀವಂತ ತೂಕಕ್ಕೆ ಕಿಲೋಗೆ ನಾನೂರು ಸಿಗುತ್ತಿದ್ದರೆ ನಲವತ್ತು ರೂಪಾಯಿ ಬಂತು. ಇರಲಿ, ಸಾಕಿ. ಬೆಳವಣಿಗೆ ಐವತ್ತು ಗ್ರಾಂಗೆ ಇಳಿದ ದಿನ ಇಪ್ಪತ್ತಕ್ಕೆ ಬಂತು, ಐದು ರೂಪಾಯಿ ಕೈಯಿಂದ ಹೋಯಿತು. ಮೈ ತುಂಬಿದ ಮೇಲೆ ಮರಿ ಕಟ್ಟುವುದು ಮಾಂಸವನ್ನಲ್ಲ, ನೆಣವನ್ನು. ನೆಣ ಕಟ್ಟಲು ಮೇವು ಹೆಚ್ಚು ಬೇಕು. ಹದಿನೈದು ದಿನಕ್ಕೊಮ್ಮೆ ಅಳತೆ ತೆಗೆದು ಬರೆದಿಡಿ. ಬೆಳವಣಿಗೆ ಕುಂಟಿತು, ಬೆನ್ನೂ ತುಂಬಿದೆ ಎಂದರೆ ಮಾರಿ. ಕುಂಟಿದೆ, ಬೆನ್ನು ಖಾಲಿ ಎಂದರೆ ಡಾಕ್ಟರನ್ನು ಕರೆಯಿರಿ.

ಮಳವಳ್ಳಿ ಹೊಲಮನೆ
ತಕ್ಕಡಿ ಇಲ್ಲದೆ ಅಳತೆ ಹೇಗೆ ಸ್ವಾಮಿ?

ಲೆಕ್ಕದ ಪುಟ್ಟಸ್ವಾಮಿ
ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆ ಇಂಚಿನಲ್ಲಿ. ಭುಜದ ಮುಂತುದಿಯಿಂದ ಪೃಷ್ಠದ ಮೂಳೆಯ ತನಕ ಉದ್ದ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಕಿಲೋ. ಒಂದೆರಡು ಕಿಲೋ ವ್ಯತ್ಯಾಸ ಇರುತ್ತದೆ. ಟೇಪನ್ನು ತುಪ್ಪಳದ ಮೇಲೆ ಸಡಿಲ ಬಿಟ್ಟರೆ ಇನ್ನೂ ಹೆಚ್ಚು, ಸುತ್ತಳತೆಯನ್ನು ಎರಡು ಸಲ ಗುಣಿಸುವುದರಿಂದ ಅಲ್ಲಿನ ಒಂದಿಂಚಿನ ತಪ್ಪು ದೊಡ್ಡದಾಗುತ್ತದೆ.

ರೊಪ್ಪದ ಹುಡುಗ
ಅದಕ್ಕಿಂತ ಸುಲಭ: ಮರಿಯನ್ನು ಎತ್ತಿಕೊಂಡು ಸೊಸೈಟಿಯ ಗೊಬ್ಬರದ ತಕ್ಕಡಿ ಹತ್ತಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ಅಂಗಿ ಮಾತ್ರ ಹಳೆಯದು ಹಾಕಿಕೊಂಡು ಹೋಗಿ.

ಮಳವಳ್ಳಿ ಹೊಲಮನೆ
ಭಾನುವಾರ ಊರಿಗೆ ಹೋಗಿ ಬೆಳಿಗ್ಗೆಯೇ ಎಲ್ಲವನ್ನೂ ನೋಡಿದೆ. ಹೆಣ್ಣು ಮರಿಯನ್ನು ಬೇರೆ ಕಟ್ಟಿಸಿದ್ದೇನೆ, ಪಶು ಆಸ್ಪತ್ರೆಯವರು ಬಂದು ಗಬ್ಬ ಪರೀಕ್ಷೆ ಮಾಡುತ್ತಾರೆ. ಗಂಡು ಮೂರರಲ್ಲಿ:

ಕರಿಮೂತಿ: ಸುತ್ತಳತೆ 26, ಉದ್ದ 23. ಲೆಕ್ಕದಲ್ಲಿ ಇಪ್ಪತ್ಮೂರೂವರೆ ಕಿಲೋ. ಬೆನ್ನು ಡಾಕ್ಟರು ಹೇಳಿದ ಚಾಚಿದ ಕೈ ಹಾಗೆಯೇ ಇದೆ.

ಬಿಳಿಯ: ಸುತ್ತಳತೆ 26, ಉದ್ದ 22. ಇಪ್ಪತ್ತೆರಡೂವರೆ. ಬೆನ್ನು ಕರಿಮೂತಿಗಿಂತಲೂ ತುಂಬಿದೆ, ಅಡ್ಡ ಮೂಳೆಯ ಕೆಳಗೆ ಬೆರಳು ಹೋಗುವುದೇ ಇಲ್ಲ.

ಮೂರನೆಯದು: ಸುತ್ತಳತೆ 24, ಉದ್ದ 22. ಹತ್ತೊಂಬತ್ತು ಕಿಲೋ. ಕಣ್ಣಿಗೆ ಇದೂ ಉಳಿದವುಗಳಷ್ಟೇ ದುಂಡಗೆ ಕಾಣುತ್ತಿತ್ತು! ತಡವಿದರೆ ನಡುಗೆರೆ ಗರಗಸದಂತೆ ಸಿಗುತ್ತದೆ. ಕೆಳರೆಪ್ಪೆ ಬಿಳಿಚಿದೆ. ಅಂಗಡಿಯವರು ಬೇಡ ಎಂದದ್ದು ಇದನ್ನೇ ಇರಬೇಕು.

ಅಪ್ಪನ ಕೈ ಹಿಡಿದು ಬೆನ್ನ ಮೇಲೆ ಇರಿಸಿದೆ. "ಇದು ನನಗೆ ಗೊತ್ತಿಲ್ಲವೇ" ಎಂದರು. ಗೊತ್ತಿದ್ದೂ ಏಕೆ ಹಲ್ಲು ಹಲ್ಲು ಎನ್ನುತ್ತಿದ್ದಿರಿ ಎಂದರೆ ಉತ್ತರವಿಲ್ಲ. ಅಮ್ಮ ಹೇಳಿದ್ದು: ಕರಿಮೂತಿ ಅವರ ಹಿಂದೆಯೇ ಓಡಾಡುತ್ತದೆ, ಅದನ್ನು ಕೊಯ್ಯಲು ಮನಸ್ಸಿಲ್ಲ.

ರೊಪ್ಪದ ಹುಡುಗ
ಎಲ್ಲ ಮನೆಯಲ್ಲೂ ಹಲ್ಲಿನ ಹಿಂದೆ ಇಂಥದ್ದೊಂದು ಇರುತ್ತದೆ. ಕರಿಮೂತಿಯನ್ನು ಬಿತ್ತನೆ ಟಗರಾಗಿ ಉಳಿಸಿಕೊಳ್ಳಿ, ಬಿಳಿಯನನ್ನು ಹಬ್ಬಕ್ಕೆ ಇಡಿ.

ನಿವೃತ್ತ ಪಶುವೈದ್ಯ
ಉಳಿಸಿಕೊಳ್ಳುವುದಾದರೆ ತನ್ನ ತಂಗಿಯ ಮೇಲೇ ಬಿಡಬೇಡಿ, ಬೇರೆ ಹಿಂಡಿಗೆ ಕೊಟ್ಟು ಬದಲಾಯಿಸಿಕೊಳ್ಳಿ.

ಮೂರನೆಯದಕ್ಕೆ ಸಗಣಿ ಪರೀಕ್ಷೆ ಮಾಡಿಸಿ ಔಷಧಿ ಕೊಡಿಸಿ. ಇನ್ನೊಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಓದಿ: ಹಬ್ಬದೊಳಗೆ ಮೈ ಹಿಡಿಸುತ್ತೇನೆ ಎಂದು ಒಮ್ಮೆಲೇ ಅಕ್ಕಿ, ಜೋಳ, ಮದುವೆ ಮನೆಯ ಉಳಿದ ಅನ್ನ ಸುರಿಯಬೇಡಿ. ಹೊಟ್ಟೆಯಲ್ಲಿ ಹುಳಿ ಏರಿ ಮರಿ ಹಲ್ಲು ಕಡಿಯುತ್ತಾ ಮಲಗುತ್ತದೆ. ಇಲ್ಲವೇ ಕರುಳು ಬೇನೆ ಬಂದು ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತಿರುತ್ತದೆ. ಕರುಳು ಬೇನೆಯಲ್ಲಿ ಮೊದಲು ಹೋಗುವುದು ಹಿಂಡಿನಲ್ಲೇ ಗಟ್ಟಿಮುಟ್ಟಾದ ಮರಿ. ತಿಂಡಿಯನ್ನು ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಲಸಿಕೆ ಹಾಕಿಸಿದ್ದೀರಾ ನೋಡಿ.

ಚನ್ನಪಟ್ಟಣದ ಅಂಗಡಿ
ಮೂರನೆಯದನ್ನು ಬಕ್ರೀದ್‌ಗೆ ಇಡುವ ಯೋಚನೆ ಇದ್ದರೆ ಕೇಳಿ. ಕುರ್ಬಾನಿಗೆ ಮೇಕೆಯಾದರೆ ಒಂದು ವರ್ಷ ತುಂಬಿರಲೇಬೇಕು. ಕುರಿಗೆ ಸ್ವಲ್ಪ ಸಡಿಲಿಕೆ ಇದೆ: ಆರು ತಿಂಗಳು ದಾಟಿ, ಮೈಕಟ್ಟಿನಲ್ಲಿ ವರ್ಷದ ಕುರಿಯ ಹಾಗೆ ಕಾಣುವಂತಿದ್ದರೆ ಒಪ್ಪುತ್ತಾರೆ. ಕಣ್ಣು, ಕಿವಿ, ಕಾಲು ಊನವಿರಬಾರದು, ಬಡಕಲಾಗಿರಬಾರದು. ಆದರೂ ಬಹಳ ಗಿರಾಕಿಗಳು ಬಾಯಿ ಬಿಚ್ಚಿಸಿ ಎರಡು ಹಲ್ಲು ಹುಡುಕುತ್ತಾರೆ. ಅಲ್ಲಿ ನಿಮ್ಮ ತಂದೆಯವರ ಮಾತಿಗೆ ಬೆಲೆ ಇದೆ. ಕಿವಿಗೆ ಗುರುತು ಕತ್ತರಿಸುವ ಅಭ್ಯಾಸ ಇದ್ದರೆ ಈ ಮರಿಗೆ ಮಾಡಬೇಡಿ.

ನಾಗಮಂಗಲದ ಗೌಡ
ನೋಡಿದಿರಾ. ಹಲ್ಲು ಬೇಕೇ ಬೇಕು.

ಕುಕ್ಕರ್ ಅಕ್ಕ
ಗೌಡರು ಗೆದ್ದರು, ಇನ್ನು ಮಲಗಲಿ. ಈಗ ಅಡುಗೆಗೆ ಬರೋಣ. ಕೊಯ್ದ ಕೂಡಲೇ ಬೇಯಿಸಬೇಕೇ, ಸ್ವಲ್ಪ ಹೊತ್ತು ಇಡಬೇಕೇ?

ಚನ್ನಪಟ್ಟಣದ ಅಂಗಡಿ
ಕೊಯ್ದ ಒಂದೆರಡು ಗಂಟೆಯಲ್ಲಿ ಒಲೆಗೇರಿದರೆ ಮೆತ್ತಗೆ ಬೇಯುತ್ತದೆ, ಹಳ್ಳಿಯಲ್ಲಿ ಮಾಡುವುದು ಅದೇ. ಅಲ್ಲಿಂದ ಮುಂದೆ ಮಾಂಸ ಸೆಟೆದುಕೊಳ್ಳುತ್ತದೆ, ಆಗ ಬೇಯಿಸಿದರೆ ರಬ್ಬರು. ಆ ಹೊತ್ತು ತಪ್ಪಿತು ಎಂದರೆ ಒಂದು ದಿನ ಫ್ರಿಜ್‌ನಲ್ಲಿಟ್ಟು ಮಾಡಿ, ಮತ್ತೆ ಸಡಿಲವಾಗುತ್ತದೆ. ಎಷ್ಟೋ ಮನೆಯಲ್ಲಿ ಮರಿ ಬಲಿತಿತ್ತು ಎಂದು ಬೈಯುತ್ತಾರೆ, ತಪ್ಪು ಮರಿಯದಲ್ಲ.

ಕೊಯ್ಯುವ ಹಿಂದಿನ ಸಂಜೆಯಿಂದ ಮೇವು ನಿಲ್ಲಿಸಿ, ನೀರು ಮಾತ್ರ ಇಡಿ. ಹೊಟ್ಟೆ ಖಾಲಿ ಇದ್ದರೆ ಬೋಟಿ ತೊಳೆಯುವುದು ಸುಲಭ, ಮಾಂಸಕ್ಕೆ ಹೊಲಸು ತಾಗುವುದಿಲ್ಲ. ಬೆಳಿಗ್ಗೆ ಮಕ್ಕಳು ಓಡಿಸಿ ಹಿಡಿಯುವ ಆಟ ಬೇಡ. ಹೆದರಿ ಓಡಿ ದಣಿದ ಮರಿಯ ಮಾಂಸ ಕಪ್ಪಾಗಿ ಅಂಟಂಟಾಗುತ್ತದೆ, ಬೇಗ ಕೆಡುತ್ತದೆ.

ಕರಾವಳಿ ಕಣ್ಣು
ನಿಮ್ಮ ಬೋಟಿ ಗೊಜ್ಜಿಗೆ ಕೊಬ್ಬರಿ ಹಾಕುತ್ತೀರಾ, ಹಸಿ ತೆಂಗಿನಕಾಯಿಯೇ?

ಕುಕ್ಕರ್ ಅಕ್ಕ
ಕೊಬ್ಬರಿ. ಗಸಗಸೆ ಹುರಿದು ಅದರ ಜೊತೆ ರುಬ್ಬಬೇಕು. ಹಸಿ ಕಾಯಿ ಹಾಕಿದರೆ ಮೀನು ಸಾರು ಮಾಡಿಕೊಳ್ಳಿ.

ಮಳವಳ್ಳಿ ಹೊಲಮನೆ
ತೀರ್ಮಾನ ಹೇಳಿಬಿಡುತ್ತೇನೆ. ಹಬ್ಬಕ್ಕೆ ಬಿಳಿಯ ಒಂದೇ. ಹತ್ತೂವರೆ ಹನ್ನೊಂದು ಕಿಲೋ ಬಂದರೆ ಗುಡ್ಡೆ ಚಿಕ್ಕದಾಗುತ್ತದೆ, ನೆಂಟರು ಗೊಣಗಲಿ. ಕರಿಮೂತಿಗೆ ಪಕ್ಕದೂರಿನವರು ಟಗರು ಬದಲಾಯಿಸಿಕೊಳ್ಳಲು ಒಪ್ಪಿದ್ದಾರೆ, ಅಮ್ಮನನ್ನು ಒಪ್ಪಿಸುವುದು ಬಾಕಿ. ಮೂರನೆಯದಕ್ಕೆ ಔಷಧಿ ಆಯಿತು, ಬಾಟಲಿಯ ಫೋಟೊ ತೆಗೆದು ಕೊಟ್ಟಿಗೆಯ ಬಾಗಿಲಿಗೆ ದಿನಾಂಕ ಬರೆದಿದ್ದೇನೆ. ಭಾವನಿಗೆ ಟೇಪು ಕೊಟ್ಟಿದ್ದೇನೆ, ಈಗ ಅವರು ಸಿಕ್ಕಿದ ಕುರಿಯನ್ನೆಲ್ಲ ಅಳೆಯುತ್ತಿದ್ದಾರೆ.

ಒಂದು ಉಳಿಯಿತು. ಒಂದೇ ಮರಿ ಎಂದ ಮೇಲೆ ತಲೆ, ಕಾಲು ಯಾರ ಗುಡ್ಡೆಗೆ? ದೊಡ್ಡಪ್ಪನವರು ಈಗಲೇ ಫೋನ್ ಮಾಡಿ ಕಾದಿರಿಸಿದ್ದಾರೆ.

ನಾಗಮಂಗಲದ ಗೌಡ
ಕೊಯ್ದು, ಸುಟ್ಟು, ಕೆರೆದು ಸ್ವಚ್ಛ ಮಾಡಿದವರಿಗೆ. ಫೋನ್ ಮಾಡಿದವರಿಗಲ್ಲ.

ಸಂತೆ ಸುತ್ತುವವ
ಹಾಗಾದರೆ ದೊಡ್ಡಪ್ಪನವರಿಗೇ ಸುಡಲು ಹೇಳಿ.